ನೀರನ್ನು ಅಳೆಯುವ ಮನೆ ಎಲ್ಲಿರಬೇಕು?

ಮಳೆಗಾಲ ಆರಂಭವಾಯಿತೆಂದರೆ ನಮ್ಮ ಸೀಮೆಯ ಕನ್ನಡ ಪತ್ರಿಕೆಗಳಲ್ಲಿ ಒಂದು ಪುಟ್ಟ ಚೌಕಟ್ಟು ಕಾಣಿಸಿಕೊಳ್ಳುತ್ತದೆ. ಕೃಷ್ಣರಾಜಸಾಗರದ ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಮಂಡ್ಯ, ಮೈಸೂರು ಸೀಮೆಯ ಮನೆಗಳಲ್ಲಿ ಅನೇಕರು ಮುಖಪುಟದ ಸುದ್ದಿಗಿಂತ ಮೊದಲು ಇದನ್ನೇ ಓದುತ್ತಾರೆ. ದೂರದ ಊರುಗಳಲ್ಲಿ, ಹೊರದೇಶಗಳಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಇಂದಿಗೂ ಗಣಕಯಂತ್ರದ ಮುಂದೆ ಕುಳಿತು ಈ ಅಂಕಿಗಳನ್ನು ಹುಡುಕುವರೆಂದು ಬಲ್ಲೆ. ಆದರೆ ಈ ಅಂಕಿಯನ್ನು ಎಲ್ಲಿ ಅಳೆದರು, ಯಾರು ಅಳೆದರು, ಯಾವ ಸೊನ್ನೆಯಿಂದ ಎಣಿಸಿದರು ಎಂದು ಕೇಳುವವರು ವಿರಳ. ಕಾವೇರಿಯ ಮಟ್ಟಿಗಾದರೋ ಒಂದು ಶತಮಾನದ ಜಗಳದ ಬಹುಪಾಲು ಈ ಪ್ರಶ್ನೆಗಳಲ್ಲಿಯೇ ಅಡಗಿದೆ. ನೀರನ್ನು ಅಳೆಯುವ ಸ್ಥಳವು ಕಾಲಕಾಲಕ್ಕೆ ಹೇಗೆ ಸ್ಥಾನಪಲ್ಲಟಗೊಂಡಿತು ಎಂಬುದನ್ನು ಈ ಲೇಖನದಲ್ಲಿ ಹೇಳಿ, ಅದರ ಬಗ್ಗೆ ನನ್ನ ಅಭಿಪ್ರಾಯವನ್ನೂ ತಿಳಿಸಬಯಸುತ್ತೇನೆ.

ಮೊದಲಿಗೆ ಅಳತೆಯ ವಿಧಾನವನ್ನು ತಿಳಿಯೋಣ. ಹರಿಯುವ ನದಿಯನ್ನು ಕೊಳಗದಲ್ಲಿ ಅಳೆಯಲಾಗದು. ಆದುದರಿಂದ ದಡದಲ್ಲಿ ಗುರುತು ಹಾಕಿದ ಪಟ್ಟಿಯನ್ನು ನೆಟ್ಟು ನೀರಿನ ಎತ್ತರವನ್ನು ಓದುತ್ತಾರೆ. ಅಲೆಗಳಿಂದ ಓದು ತಪ್ಪಬಾರದೆಂದು ಕೆಲವೆಡೆ ದಡದಲ್ಲಿ ಬಾವಿಯಂತಹ ಒಂದು ಗುಂಡಿಯನ್ನು ಕಟ್ಟಿ, ಕೊಳವೆಯ ಮೂಲಕ ನದಿಗೆ ಸಂಪರ್ಕ ಕಲ್ಪಿಸಿ, ಅದರ ಮೇಲೊಂದು ಚಿಕ್ಕ ಕೋಣೆಯನ್ನು ಕಟ್ಟುತ್ತಾರೆ. ಬಾವಿಯೊಳಗಿನ ನೀರು ನದಿಯೊಡನೆ ಏರಿಳಿಯುತ್ತದೆ. ಅದರ ಮೇಲಿನ ತೇಲುಬೆಂಡು ಆ ಏರಿಳಿತವನ್ನು ಕಾಗದದ ಮೇಲೆ ಗೆರೆಯಾಗಿ ಬರೆಯುತ್ತದೆ. ಆದರೆ ಎತ್ತರ ತಿಳಿದಮಾತ್ರಕ್ಕೆ ಹರಿವು ತಿಳಿಯದು. ನದಿಯ ಅಡ್ಡಗಲವನ್ನು ಭಾಗಗಳಾಗಿ ವಿಂಗಡಿಸಿ, ದೋಣಿಯಿಂದಲೋ ಅಡ್ಡಲಾಗಿ ಕಟ್ಟಿದ ತಂತಿಹಗ್ಗದಿಂದಲೋ ಕರೆಂಟ್ ಮೀಟರ್ ಎಂಬ ಸಾಧನವನ್ನು ಇಳಿಬಿಟ್ಟು, ಪ್ರತಿಯೊಂದು ಭಾಗದ ಆಳವನ್ನೂ ವೇಗವನ್ನೂ ಕಂಡುಹಿಡಿಯಬೇಕು. ವಿಸ್ತೀರ್ಣವನ್ನು ವೇಗದಿಂದ ಗುಣಿಸಿದರೆ ಹರಿವು. ಹೀಗೆ ಹಲವು ಸಲ, ಹಲವು ಮಟ್ಟಗಳಲ್ಲಿ ಅಳೆದು, ಯಾವ ಎತ್ತರಕ್ಕೆ ಎಷ್ಟು ಹರಿವು ಎಂಬ ಕೋಷ್ಟಕವನ್ನು ಸಿದ್ಧಪಡಿಸುತ್ತಾರೆ. ಅನಂತರ ನಿತ್ಯವೂ ಎತ್ತರವನ್ನು ಓದಿದರೆ ಕೋಷ್ಟಕವು ಹರಿವನ್ನು ಹೇಳುತ್ತದೆ.

ಈ ಕೋಷ್ಟಕವು ಆ ಒಂದು ಸ್ಥಳಕ್ಕೆ ಮಾತ್ರ ಸಲ್ಲುವಂಥದು ಎಂಬುದು ಮುಖ್ಯ. ಪಟ್ಟಿಯನ್ನು ಒಂದು ಫರ್ಲಾಂಗು ಕೆಳಕ್ಕೆ ಒಯ್ದು ನೆಟ್ಟರೂ ನದಿಯ ತಳ ಬೇರೆ, ಅಗಲ ಬೇರೆ, ವೇಗ ಬೇರೆ. ಹಳೆಯ ಕೋಷ್ಟಕವು ನಿರುಪಯೋಗಿಯಾಗುತ್ತದೆ. ಸೊನ್ನೆಯ ವಿಚಾರವೂ ಹಾಗೆಯೇ. ಕೃಷ್ಣರಾಜಸಾಗರದ ಮಟ್ಟವನ್ನು 124.80 ಅಡಿ ಎನ್ನುತ್ತೇವೆ. ಕಬಿನಿಯದು 2284 ಅಡಿ, ಹಾರಂಗಿಯದು 2859 ಅಡಿ, ಹೇಮಾವತಿಯದು 2922 ಅಡಿ. ಕೃಷ್ಣರಾಜಸಾಗರವು ಇವುಗಳೆದುರು ಅಷ್ಟೊಂದು ಚಿಕ್ಕದೇ ಎಂದು ಮಕ್ಕಳು ಕೇಳುವುದುಂಟು. ಕಬಿನಿ, ಹಾರಂಗಿ, ಹೇಮಾವತಿಗಳ ಲೆಕ್ಕ ಸಮುದ್ರಮಟ್ಟದಿಂದ. ಕೃಷ್ಣರಾಜಸಾಗರದ್ದು ಅಣೆಕಟ್ಟೆಯ ಬುಡದ ಒಂದು ನಿಗದಿತ ಮಟ್ಟದಿಂದ. ಎರಡೂ ಸತ್ಯವೇ. ಸೊನ್ನೆ ಎಲ್ಲಿದೆಯೆಂದು ತಿಳಿಯದವನಿಗೆ ಮಾತ್ರ ಎರಡರಲ್ಲಿ ಒಂದು ಸುಳ್ಳಾಗಿ ತೋರುತ್ತದೆ.

ಈಗ ಇತಿಹಾಸಕ್ಕೆ ಬರೋಣ. ಕಾವೇರಿಯ ನೀರಿನ ಬಗ್ಗೆ ಮೈಸೂರು ಸಂಸ್ಥಾನಕ್ಕೂ ಮದರಾಸು ಸರ್ಕಾರಕ್ಕೂ ಆದ ಮೊದಲ ಒಪ್ಪಂದ 1892ರದು. ಕನ್ನಂಬಾಡಿಯ ಕಟ್ಟೆಯ ಕೆಲಸ 1911ರಲ್ಲಿ ಆರಂಭವಾದಾಗ ಮದರಾಸು ಆಕ್ಷೇಪಿಸಿತು. ವಿಶ್ವೇಶ್ವರಯ್ಯನವರು ಆಗ ಮೈಸೂರಿನ ಮುಖ್ಯ ಎಂಜಿನಿಯರರು, 1912ರಿಂದ ದಿವಾನರು. ವಿವಾದವು ಮಧ್ಯಸ್ಥಿಕೆಗೆ ಹೋಗಿ, 1914ರಲ್ಲಿ ನ್ಯಾಯಮೂರ್ತಿ ಗ್ರಿಫಿನ್ನರ ತೀರ್ಪು ಬಂತು. ಮದರಾಸು ಅದನ್ನು ಒಪ್ಪದೆ ಮೇಲಕ್ಕೆ ಹೋಯಿತು. ಕೊನೆಗೆ 1924ರ ಫೆಬ್ರವರಿ 18ರಂದು ಎರಡೂ ಸರ್ಕಾರಗಳು ಸಹಿ ಹಾಕಿದವು.

ಆ ಒಪ್ಪಂದಕ್ಕೆ ಲಗತ್ತಾದ ನಿಯಮಗಳಲ್ಲಿ, ಕೃಷ್ಣರಾಜಸಾಗರವು ಯಾವಾಗ ನೀರನ್ನು ಹಿಡಿದಿಡಬಹುದು, ಯಾವಾಗ ಬಿಡಬೇಕು ಎಂಬುದಕ್ಕೆ ಆಧಾರವಾಗಿದ್ದುದು ತಿರುಚಿರಾಪಳ್ಳಿಯ ಬಳಿಯ ಮೇಲಣೆಕಟ್ಟಿನ ಅಳತೆಪಟ್ಟಿ. ತಮಿಳರು ಮುಕ್ಕೊಂಬು ಎನ್ನುವ, ಕಾವೇರಿಯಿಂದ ಕೊಳ್ಳಿಡಂ ಕವಲೊಡೆಯುವ ಆ ಸ್ಥಳದಲ್ಲಿ 1830ರ ದಶಕದಲ್ಲಿ ಆರ್ಥರ್ ಕಾಟನ್ ಕಟ್ಟಿಸಿದ ಒಡ್ಡು ಅದು. ಕನ್ನಂಬಾಡಿಯ ಬಾಗಿಲಿಗೂ ಆ ಪಟ್ಟಿಗೂ ನೂರಾರು ಮೈಲಿಗಳ ಅಂತರ. ನಡುವೆ ಕಬಿನಿ, ಶಿಂಷಾ, ಅರ್ಕಾವತಿಗಳು ಮಾತ್ರವಲ್ಲದೆ ಭವಾನಿ, ನೊಯ್ಯಲ್, ಅಮರಾವತಿಗಳೂ ಕಾವೇರಿಯನ್ನು ಸೇರುತ್ತವೆ. ನೀಲಗಿರಿಯಲ್ಲಿ ಮಳೆಯಾದರೆ ಭವಾನಿ ಉಕ್ಕಿ, ಮೇಲಣೆಕಟ್ಟಿನ ಪಟ್ಟಿಯಲ್ಲಿ ನೀರು ಏರುತ್ತದೆ. ಕೊಡಗಿನಲ್ಲಿ ಮಳೆಯಾಯಿತೇ ಇಲ್ಲವೇ ಎಂಬುದನ್ನು ಆ ಏರಿಕೆ ಹೇಳಲಾರದು. ಆದರೂ ಅಂದಿನವರು ಅದನ್ನು ಆರಿಸಿದ್ದಕ್ಕೆ ಕಾರಣವಿತ್ತು. ತಂಜಾವೂರಿನ ಗದ್ದೆಗಳಿಗೆ ಹೋಗುವ ನೀರು ಕಣ್ಣಿಗೆ ಕಾಣುತ್ತಿದ್ದುದು ಅಲ್ಲಿ. ರೈತನಿಗೆ ತಲುಪಿದ್ದೆಷ್ಟು ಎಂಬುದನ್ನು ಅಳೆಯುವುದೇ ಅಂದಿನ ಉದ್ದೇಶವಾಗಿತ್ತು.

1934ರಲ್ಲಿ ಮೆಟ್ಟೂರು ಅಣೆಕಟ್ಟು ಪೂರ್ಣಗೊಂಡಿತು. 120 ಅಡಿಯ ಪೂರ್ಣಮಟ್ಟದಲ್ಲಿ 93.47 ಟಿಎಂಸಿ ಅಡಿ ನೀರು ಹಿಡಿಯುವ, ಅಂದರೆ ಕೃಷ್ಣರಾಜಸಾಗರದ ಸುಮಾರು ಇಮ್ಮಡಿ ಗಾತ್ರದ ಜಲಾಶಯವದು. ಅದು ನಡುವೆ ಬಂದು ನಿಂತ ಮೇಲೆ ಕೆಳಗಿನ ಪಟ್ಟಿಯ ಏರಿಳಿತಗಳು ನದಿಯ ಸಹಜ ಹರಿವನ್ನು ಹೇಳುವ ಬದಲು ಮೆಟ್ಟೂರಿನ ತೂಬುಗಳನ್ನು ಎಷ್ಟು ತೆರೆದರು ಎಂಬುದನ್ನೇ ಹೇಳತೊಡಗಿದವು. ಅಳತೆಮನೆ ಕದಲಲಿಲ್ಲ, ಆದರೆ ಅದು ಅಳೆಯುತ್ತಿದ್ದ ವಸ್ತುವೇ ಬದಲಾಯಿತು.

1990ರ ಜೂನ್ 2ರಂದು ಕಾವೇರಿ ಜಲವಿವಾದ ನ್ಯಾಯಮಂಡಳಿ ರಚಿತವಾಯಿತು. 1991ರ ಜೂನ್ 25ರ ಮಧ್ಯಂತರ ಆದೇಶದಲ್ಲಿ, ಕರ್ನಾಟಕವು ಜೂನ್‌ನಿಂದ ಮೇವರೆಗಿನ ಜಲವರ್ಷದಲ್ಲಿ ಮೆಟ್ಟೂರು ಜಲಾಶಯಕ್ಕೆ 205 ಟಿಎಂಸಿ ಅಡಿ ನೀರು ದೊರೆಯುವಂತೆ ಮಾಡಬೇಕೆಂದು ಹೇಳಿತು. ಹೀಗೆ ಅಳತೆಯ ಸ್ಥಳ ಮೇಲಣೆಕಟ್ಟಿನಿಂದ ಮೆಟ್ಟೂರಿಗೆ ಏರಿತು. ಆ ವರ್ಷದ ಡಿಸೆಂಬರಿನಲ್ಲಿ ಆದೇಶವು ಗೆಜೆಟ್ಟಿನಲ್ಲಿ ಪ್ರಕಟವಾದಾಗ ಬೆಂಗಳೂರಿನಲ್ಲಿ ಏನಾಯಿತೆಂಬುದನ್ನು ನಿಮ್ಮಲ್ಲಿ ಹಿರಿಯರಾದವರು ಬಲ್ಲಿರಿ. ಬಡ ತಮಿಳರ ಗುಡಿಸಲುಗಳು ಉರಿದವು. ಅಲ್ಲಿಂದಾಚೆ ತಮಿಳುನಾಡಿನಲ್ಲಿದ್ದ ಕನ್ನಡಿಗರೂ ನೊಂದರು. 205 ಎಂಬ ಸಂಖ್ಯೆ ಎಲ್ಲರ ಬಾಯಲ್ಲಿತ್ತು. ಅದನ್ನು ಎಲ್ಲಿ, ಹೇಗೆ ಎಣಿಸುತ್ತಾರೆಂಬುದು ಬಹುಶಃ ನೂರರಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ.

ಜಲಾಶಯದಲ್ಲಿ ಒಳಹರಿವನ್ನು ಅಳೆಯುವುದರಲ್ಲಿ ಎರಡು ತೊಡಕುಗಳಿವೆ. ಮೊದಲನೆಯದು ಲೆಕ್ಕದ್ದು. ಜಲಾಶಯದ ಒಳಹರಿವನ್ನು ಸಾಮಾನ್ಯವಾಗಿ ನೇರವಾಗಿ ಅಳೆಯುವುದಿಲ್ಲ. ನಿನ್ನೆಗೂ ಇಂದಿಗೂ ಸಂಗ್ರಹದಲ್ಲಿ ಆದ ವ್ಯತ್ಯಾಸಕ್ಕೆ, ಹೊರಬಿಟ್ಟ ನೀರನ್ನೂ ಆವಿಯಾದ ನೀರನ್ನೂ ಕೂಡಿಸಿ ಲೆಕ್ಕ ಹಾಕುತ್ತಾರೆ. ವಿಶಾಲವಾದ ಜಲಾಶಯದಲ್ಲಿ ಮಟ್ಟವು ಒಂದು ಅಂಗುಲ ತಪ್ಪಿದರೂ ನೀರಿನ ಲೆಕ್ಕ ಬಹಳ ತಪ್ಪುತ್ತದೆ. ಹೂಳು ತುಂಬಿದಂತೆಲ್ಲ ಯಾವ ಮಟ್ಟಕ್ಕೆ ಎಷ್ಟು ನೀರು ಎಂಬ ಕೋಷ್ಟಕವೂ ಹಳತಾಗುತ್ತದೆ. ಎರಡನೆಯದು ನಂಬಿಕೆಯದು. ಮೆಟ್ಟೂರಿನಲ್ಲಿ ಪಟ್ಟಿ ಓದುವವರು ನೀರನ್ನು ಪಡೆಯುವ ರಾಜ್ಯದ ನೌಕರರು. ಕೃಷ್ಣರಾಜಸಾಗರದಲ್ಲಿ ಓದುವವರು ನೀರನ್ನು ಬಿಡುವ ರಾಜ್ಯದ ನೌಕರರು. ಇಬ್ಬರೂ ಪ್ರಾಮಾಣಿಕರೇ ಆಗಿರಬಹುದು. ಆದರೆ ಕೊಡುವವನ ಕೊಳಗವನ್ನು ಪಡೆಯುವವನು ನಂಬುವುದಿಲ್ಲ, ಪಡೆಯುವವನ ಕೊಳಗವನ್ನು ಕೊಡುವವನು ನಂಬುವುದಿಲ್ಲ. ನಮ್ಮ ಹಳ್ಳಿಯ ಕಣಗಳಲ್ಲಿ ರಾಶಿಯನ್ನು ಅಳೆಯುವಾಗ ‘ಲಾಭ, ಎರಡು, ಮೂರು’ ಎಂದು ಗಟ್ಟಿಯಾಗಿ ಕೂಗಿ ಎಣಿಸುತ್ತಿದ್ದುದು ನಾಲ್ಕು ಜನರ ಕಿವಿಗೆ ಬೀಳಲೆಂದೇ ಅಲ್ಲವೇ?

2007ರ ಫೆಬ್ರವರಿ 5ರಂದು ನ್ಯಾಯಮಂಡಳಿಯ ಅಂತಿಮ ತೀರ್ಪು ಬಂದಾಗ ಅಳತೆಯ ಸ್ಥಳ ಮತ್ತೊಮ್ಮೆ ಬದಲಾಯಿತು. ಈ ಬಾರಿ ಬಿಳಿಗುಂಡ್ಲು. ಮೇಕೆದಾಟನ್ನು ದಾಟಿ, ಹೊಗೇನಕಲ್‌ಗೆ ಮುಂಚೆ, ಎರಡು ರಾಜ್ಯಗಳ ಗಡಿಯಾಗಿ ಕಾವೇರಿ ಹರಿಯುವ ಕಾಡಿನ ನಡುವಣ ಸ್ಥಳವದು. ಅಲ್ಲಿ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರವಿದೆ. ಕಬಿನಿ, ಶಿಂಷಾ, ಅರ್ಕಾವತಿಗಳೆಲ್ಲವೂ ಅದಕ್ಕೆ ಮೊದಲೇ ಕಾವೇರಿಯನ್ನು ಕೂಡುತ್ತವೆ. ಹೊಗೇನಕಲ್ ಬಳಿಯ ಚಿನ್ನಾರ್, ಮೆಟ್ಟೂರಿನ ಹಿನ್ನೀರನ್ನು ಸೇರುವ ತೊಪ್ಪೈಯಾರ್ ಮುಂತಾದವು ಅದರ ಕೆಳಗೆ ಉಳಿಯುತ್ತವೆ. ಮೆಟ್ಟೂರಿನಲ್ಲಿ 205 ಎಂದಿದ್ದ ಸಂಖ್ಯೆ ಬಿಳಿಗುಂಡ್ಲುವಿನಲ್ಲಿ 192 ಆಯಿತು. ಹದಿಮೂರು ಟಿಎಂಸಿ ಉಳಿಯಿತೆಂದು ಇಲ್ಲಿ ಕೆಲವರು ಸಂತೋಷಪಟ್ಟರು, ಅಷ್ಟೇ ಕಳೆದುಹೋಯಿತೆಂದು ಅಲ್ಲಿ ಕೆಲವರು ದುಃಖಿಸಿದರು. ಎರಡೂ ಅರ್ಥವಿಲ್ಲದ ಮಾತುಗಳು. ಬೇರೆ ಬೇರೆ ಸ್ಥಳಗಳಲ್ಲಿ ಅಳೆದ ಎರಡು ಸಂಖ್ಯೆಗಳನ್ನು ಹಾಗೆ ನೇರವಾಗಿ ಒಂದರಿಂದ ಒಂದನ್ನು ಕಳೆಯಲಾಗದು. ನಡುವೆ ಸೇರುವ ಹಳ್ಳಗಳ ನೀರನ್ನು ಲೆಕ್ಕಕ್ಕೆ ಹಿಡಿಯದೆ ಮಾಡಿದ ವ್ಯವಕಲನವದು.

2018ರ ಫೆಬ್ರವರಿ 16ರಂದು ಸರ್ವೋಚ್ಚ ನ್ಯಾಯಾಲಯವು ಆ 192ನ್ನು 177.25ಕ್ಕೆ ಇಳಿಸಿತು. ಕರ್ನಾಟಕದ ಪಾಲಿಗೆ ಸೇರಿದ 14.75 ಟಿಎಂಸಿ ಅಡಿಯಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗಾಗಿ. ಅದೇ ವರ್ಷ ಜೂನ್‌ನಲ್ಲಿ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರವೂ ನಿಯಂತ್ರಣ ಸಮಿತಿಯೂ ರಚಿತವಾದವು. ಸಂಖ್ಯೆ ಬದಲಾಯಿತು, ಅಳತೆಯ ಸ್ಥಳ ಬದಲಾಗಲಿಲ್ಲ. ಇಂದಿನ ಮಾಸಿಕ ಪಟ್ಟಿಯ ಪ್ರಕಾರ ಸಾಧಾರಣ ಮಳೆಯ ವರ್ಷದಲ್ಲಿ ಬಿಳಿಗುಂಡ್ಲುವನ್ನು ದಾಟಬೇಕಾದುದು ಜೂನ್‌ನಲ್ಲಿ 9.19, ಜುಲೈಯಲ್ಲಿ 31.24, ಆಗಸ್ಟ್‌ನಲ್ಲಿ 45.95, ಸೆಪ್ಟೆಂಬರಿನಲ್ಲಿ 36.76 ಟಿಎಂಸಿ ಅಡಿ. ಮುಂದಿನ ತಿಂಗಳುಗಳಲ್ಲಿ ಇದು ಕಡಿಮೆಯಾಗುತ್ತ ಹೋಗಿ, ಫೆಬ್ರವರಿಯಿಂದ ಮೇವರೆಗೆ ತಿಂಗಳಿಗೆ 2.5.

ನನ್ನ ಅಭಿಪ್ರಾಯವನ್ನು ಈಗ ಸ್ಪಷ್ಟವಾಗಿ ಹೇಳುತ್ತೇನೆ. ಅಳತೆಯ ಸ್ಥಳವನ್ನು ಮೆಟ್ಟೂರಿನಿಂದ ಬಿಳಿಗುಂಡ್ಲುವಿಗೆ ತಂದುದು ಸರಿಯಾದ ಕಾರ್ಯ. ಒಬ್ಬನ ಹೊಣೆ ಮುಗಿದು ಮತ್ತೊಬ್ಬನ ಹೊಣೆ ಆರಂಭವಾಗುವ ಗಡಿಯಲ್ಲಿ ಅಳತೆ ನಿಲ್ಲಬೇಕು. ಕೊಡುವವನೂ ಅಲ್ಲದ ಪಡೆಯುವವನೂ ಅಲ್ಲದ ಮೂರನೆಯವನು ಅಳೆಯಬೇಕು. ಕೂಡಿ ಕಳೆದು ಪಡೆದ ಒಳಹರಿವಿನ ಬದಲು ಹರಿಯುವ ನೀರನ್ನೇ ಅಳೆಯಬೇಕು. ಈ ಮೂರೂ ಬಿಳಿಗುಂಡ್ಲುವಿನಲ್ಲಿ ಒದಗಿವೆ. ಕಾವೇರಿಯ ತೀರ್ಪಿನಲ್ಲಿ ಯಾವ ರಾಜ್ಯಕ್ಕೆ ಎಷ್ಟು ಎಂಬ ಬಗ್ಗೆ ಭಿನ್ನಾಭಿಪ್ರಾಯ ಇರಬಹುದು. ಆದರೆ ಅಳತೆಯ ಸ್ಥಳದ ಆಯ್ಕೆಯಲ್ಲಿ ನ್ಯಾಯಮಂಡಳಿ ತೋರಿದ ವಿವೇಕವನ್ನು ನಾವು ಎರಡೂ ಕಡೆಯವರು ಸಾಕಷ್ಟು ಗುರುತಿಸಿಲ್ಲ. ಬಿಳಿಗುಂಡ್ಲುವನ್ನು ಸದ್ಯದ ಸಂಪರ್ಕಸ್ಥಳವೆಂದು ಹೆಸರಿಸಿ, ರಾಜ್ಯಗಳು ಒಪ್ಪಿದರೆ ಗಡಿಯಲ್ಲಿ ಬೇರೊಂದು ಸ್ಥಳವೂ ಆಗಬಹುದೆಂದು ತೀರ್ಪಿನಲ್ಲಿಯೇ ಅವಕಾಶ ಇಟ್ಟಿರುವುದೂ ದೂರದೃಷ್ಟಿಯ ಮಾತು.

ಇದಕ್ಕೆ ಒಂದು ಆಕ್ಷೇಪವಿದೆ. ‘ನಮಗೆ ಬೇಕಾದುದು ಜಲಾಶಯದಲ್ಲಿ ನೀರು, ಕಾಡಿನ ನಡುವೆ ಎಷ್ಟು ಹರಿಯಿತೆಂಬ ಲೆಕ್ಕದಿಂದ ಗದ್ದೆ ನೆನೆಯುವುದಿಲ್ಲ’ ಎಂದು ತಂಜಾವೂರಿನ ರೈತ ಹೇಳಬಹುದು. ಮಂಡ್ಯದ ರೈತನೂ ಇಂಥದೇ ಮಾತನ್ನು ಹೇಳುತ್ತಾನೆ: ‘ಬಿಳಿಗುಂಡ್ಲುವಿನಲ್ಲಿ ಅಳೆಯುವವರು ನನ್ನ ನಾಲೆಯ ಕೊನೆಯಲ್ಲಿ ಬಂದು ಅಳೆಯುವುದಿಲ್ಲ.’ ಇಬ್ಬರ ಮಾತಿನಲ್ಲೂ ಸತ್ಯವಿದೆ. ಬಿಳಿಗುಂಡ್ಲುವಿನ ಅಳತೆಮನೆ ಎಷ್ಟು ನೀರು ದಾಟಿತೆಂದು ಹೇಳಬಲ್ಲುದು. ಎಷ್ಟು ದಾಟಬೇಕಾಗಿತ್ತೆಂದು ಹೇಳಲಾರದು. ತೀರ್ಪಿನಲ್ಲಿ ಇಡೀ ಕಣಿವೆಯ ಇಳುವರಿಯನ್ನು 740 ಟಿಎಂಸಿ ಅಡಿ ಎಂದು ಎಣಿಸಿರುವುದು ಸಮುದ್ರದ ಸಮೀಪದ ಕೆಳಕೊಳ್ಳಿಡಂ ಒಡ್ಡಿನ ಸ್ಥಳಕ್ಕೆ. ಪಾಲನ್ನು ಒಪ್ಪಿಸುವುದು ಬಿಳಿಗುಂಡ್ಲುವಿನಲ್ಲಿ. ಮಳೆ ಕಡಿಮೆಯಾದ ವರ್ಷ ಎಲ್ಲರ ಪಾಲೂ ಪ್ರಮಾಣಾನುಸಾರ ಕುಗ್ಗಬೇಕೆಂದು ತೀರ್ಪು ಹೇಳುತ್ತದೆ. ಆದರೆ ವರ್ಷ ಮುಗಿಯುವ ಮೊದಲೇ, ಆಗಸ್ಟ್ ತಿಂಗಳಿನಲ್ಲೇ, ಎಷ್ಟು ಕುಗ್ಗಿಸಬೇಕೆಂಬುದನ್ನು ಯಾವ ಪಟ್ಟಿಯೂ ಹೇಳುವುದಿಲ್ಲ. ಅದು ಮನುಷ್ಯರು ಕುಳಿತು ಮಾತನಾಡಿ ತೀರ್ಮಾನಿಸಬೇಕಾದ ವಿಷಯ. ಅಳತೆ ಸರಿಯಿದ್ದರೆ ಆ ಮಾತುಕತೆಗೆ ಗಟ್ಟಿಯಾದ ನೆಲ ದೊರೆಯುತ್ತದೆ. ಅಷ್ಟನ್ನೇ ಅಳತೆಯಿಂದ ನಾವು ನಿರೀಕ್ಷಿಸಬಹುದು.

ಸ್ಥಳ ಸರಿಯಿದ್ದರೂ ಜನರಿಗೆ ಅದು ತಲುಪಿಲ್ಲವೆಂಬುದಕ್ಕೆ 2023ರ ಮಳೆಗಾಲವೇ ಸಾಕ್ಷಿ. ಆ ವರ್ಷ ಮಳೆ ಕೈಕೊಟ್ಟಿತು. ದಿನಕ್ಕೆ 5,000 ಕ್ಯುಸೆಕ್ಕಿನಂತೆ, ಅನಂತರ ಸೆಪ್ಟೆಂಬರ್ 28ರಿಂದ 3,000 ಕ್ಯುಸೆಕ್ಕಿನಂತೆ ನೀರು ಬಿಡಬೇಕೆಂಬ ಆದೇಶಗಳು ಬಂದವು. ಸೆಪ್ಟೆಂಬರ್ 26ರಂದು ಬೆಂಗಳೂರು ಬಂದ್, 29ರಂದು ಕರ್ನಾಟಕ ಬಂದ್ ನಡೆದವು. ದೂರದರ್ಶನದ ವಾಹಿನಿಗಳು ಕೃಷ್ಣರಾಜಸಾಗರದ ಹೊರಹರಿವಿನ ಅಂಕಿಯನ್ನು ತೋರಿಸಿ, ‘ಆದೇಶಕ್ಕಿಂತ ಹೆಚ್ಚು ಬಿಟ್ಟರು’, ‘ಕಡಿಮೆ ಬಿಟ್ಟರು’ ಎಂದು ಕೂಗಿದವು. ಆದೇಶವಿದ್ದುದು ಬಿಳಿಗುಂಡ್ಲುವಿನಲ್ಲಿ ಅಷ್ಟು ಹರಿವು ಇರಬೇಕೆಂದು. ಕೃಷ್ಣರಾಜಸಾಗರದಿಂದ ಹೊರಟ ನೀರು ಅಲ್ಲಿಗೆ ತಲುಪಲು ದಿನಗಳೇ ಬೇಕು. ದಾರಿಯಲ್ಲಿ ಒಂದಿಷ್ಟು ಇಂಗುತ್ತದೆ, ಕಬಿನಿಯಿಂದಲೂ ಅರ್ಕಾವತಿಯಿಂದಲೂ ಒಂದಿಷ್ಟು ಸೇರುತ್ತದೆ. ಇಲ್ಲಿ ಬಿಟ್ಟುದೂ ಅಲ್ಲಿ ದಾಟಿದುದೂ ಒಂದೇ ಆಗಿರುವುದು ಅಪರೂಪ.

ಹಾಗೆಯೇ ಕ್ಯುಸೆಕ್ಕಿಗೂ ಟಿಎಂಸಿಗೂ ಇರುವ ಸಂಬಂಧ. ಕ್ಯುಸೆಕ್ಕು ಎಂದರೆ ಒಂದು ಸೆಕೆಂಡಿಗೆ ಒಂದು ಘನ ಅಡಿ. ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ದಿನಕ್ಕೆ 86,400 ಸೆಕೆಂಡುಗಳು. ಆದುದರಿಂದ ಸುಮಾರು 11,574 ಕ್ಯುಸೆಕ್ ನೀರು ಒಂದು ಹಗಲು, ಒಂದು ರಾತ್ರಿ ಹರಿದರೆ ಒಂದು ಟಿಎಂಸಿ ಅಡಿ. 5,000 ಕ್ಯುಸೆಕ್ಕಿನಂತೆ ಹದಿನೈದು ದಿನ ಹರಿದರೆ ಸುಮಾರು ಆರೂವರೆ ಟಿಎಂಸಿ. ಏಳನೆಯ ತರಗತಿಯ ಗುಣಾಕಾರ, ಭಾಗಾಕಾರ ತಿಳಿದವರು ಮಾಡಬಹುದಾದ ಲೆಕ್ಕವಿದು. ನನ್ನ ತರಗತಿಯಲ್ಲಿ ಕುಳಿತಿದ್ದವರಿಗೆ ಇದು ಕಷ್ಟವೆನಿಸಬಾರದು! ಈ ಲೆಕ್ಕವನ್ನು ಮಾಡಿ ನೋಡಿದವನು ಎಷ್ಟು ನೀರು ಹೋಯಿತೆಂದು ತಾನೇ ತಿಳಿಯುತ್ತಾನೆ. ವೇದಿಕೆಯ ಮೇಲಿನ ಭಾಷಣಕಾರನು ಹೇಳಿದ್ದನ್ನೆಲ್ಲ ನಂಬುವ ಅಗತ್ಯ ಅವನಿಗಿರುವುದಿಲ್ಲ.

ಆದುದರಿಂದ ನನ್ನ ಸಲಹೆಗಳು ಮೂರು. ಮೊದಲನೆಯದು, ಬಿಳಿಗುಂಡ್ಲುವಿನ ಅಂದಂದಿನ ಅಳತೆಯನ್ನು ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಕಾವೇರಿ ಕಣಿವೆಯ ತಾಲ್ಲೂಕು ಕಚೇರಿಗಳ ಮುಂದೆ, ಬಸ್ ನಿಲ್ದಾಣಗಳಲ್ಲಿ ದೊಡ್ಡ ಫಲಕದ ಮೇಲೆ ಬರೆಯಬೇಕು. ಪತ್ರಿಕೆಗಳು ಜಲಾಶಯಗಳ ಮಟ್ಟದ ಪಕ್ಕದಲ್ಲಿಯೇ ಅದನ್ನೂ ನಿತ್ಯ ಮುದ್ರಿಸಬೇಕು. ಬೇಸಿಗೆಯಲ್ಲೂ ಮುದ್ರಿಸಬೇಕು, ಜಗಳದ ತಿಂಗಳುಗಳಲ್ಲಿ ಮಾತ್ರವಲ್ಲ. ಎರಡನೆಯದು, ಮುಂದೆಂದಾದರೂ ಅಳತೆಯ ಸ್ಥಳವನ್ನು ಬದಲಿಸುವ ಸಂದರ್ಭ ಒದಗಿದರೆ, ಹಳೆಯ ಸ್ಥಳದಲ್ಲಿಯೂ ಹೊಸ ಸ್ಥಳದಲ್ಲಿಯೂ ಕೆಲವು ವರ್ಷ ಒಟ್ಟಿಗೆ ಅಳೆದು, ಎರಡರ ಸಂಬಂಧವನ್ನು ಕಂಡುಕೊಂಡ ಮೇಲೆಯೇ ಹಳೆಯದನ್ನು ಮುಚ್ಚಬೇಕು. ಹಳೆಯ ಪಟ್ಟಿಯ ಸೊನ್ನೆಯ ಗುರುತುಕಲ್ಲನ್ನು ಕೀಳಬಾರದು. ಸೊನ್ನೆ ಕಳೆದುಹೋದರೆ ನೂರು ವರ್ಷದ ದಾಖಲೆಯೂ ಅದರೊಡನೆ ಕಳೆದುಹೋಗುತ್ತದೆ. ಮೂರನೆಯದು, ನದೀತೀರದ ಶಾಲೆಗಳ ಮಕ್ಕಳಿಗೆ ಅಳತೆಪಟ್ಟಿಯನ್ನು ಓದಲು ಕಲಿಸಬೇಕು. ಕೃಷ್ಣರಾಜಸಾಗರಕ್ಕೆ ಪ್ರವಾಸ ಹೋಗುವ ಮಕ್ಕಳು ಬೃಂದಾವನದ ಕಾರಂಜಿ ನೋಡಿ ಹಿಂದಿರುಗುತ್ತಾರೆ. ಜಲಾಶಯದ ಮಟ್ಟವನ್ನು ಓದುವ ಪಟ್ಟಿಯನ್ನು ಅವರಿಗೆ ತೋರಿಸುವವರಿಲ್ಲ.

ಇದೇನೂ ಹೊಸ ವಿಚಾರವಲ್ಲ. ನಮ್ಮ ಕೆರೆಗಳಲ್ಲಿ ನೀರಗಂಟಿ ತೂಬನ್ನು ತೆರೆಯುತ್ತಿದ್ದ ಕಾಲದಲ್ಲಿ ಕೆರೆಯಲ್ಲಿ ಎಷ್ಟು ನೀರಿದೆ, ಯಾವ ಗದ್ದೆಗೆ ಎಷ್ಟು ಹೊತ್ತು ಎಂಬುದು ಊರಿಗೆಲ್ಲ ತಿಳಿದಿರುತ್ತಿತ್ತು. ತೂಬಿನ ಕಲ್ಲಿನ ಎಷ್ಟನೆಯ ರಂಧ್ರದವರೆಗೆ ನೀರು ಇಳಿದಿದೆ ಎಂಬುದನ್ನು ಏರಿಯ ಮೇಲೆ ನಡೆದು ಹೋಗುವವರು ಯಾರು ಬೇಕಾದರೂ ನೋಡಬಹುದಾಗಿತ್ತು. ಜಗಳ ಆಗಲೂ ಇತ್ತು. ಬರಗಾಲದಲ್ಲಿ ತಲೆಗಳೂ ಒಡೆದಿವೆ. ಆದರೆ ಎಷ್ಟು ನೀರಿದೆ ಎಂಬುದರ ಬಗ್ಗೆ ಜಗಳವಿರಲಿಲ್ಲ. ಯಾರಿಗೆ ಎಷ್ಟು ಎಂಬುದರ ಬಗ್ಗೆ ಮಾತ್ರ ಇತ್ತು. ಇಂದು ನಾವು ಎರಡರ ಬಗ್ಗೆಯೂ ಜಗಳವಾಡುತ್ತಿದ್ದೇವೆ. ಮೊದಲನೆಯದನ್ನಾದರೂ ನಿಲ್ಲಿಸಲು ಸಾಧ್ಯವಿದೆ. ಅದಕ್ಕೆ ಬೇಕಾದ ಮನೆ ಬಿಳಿಗುಂಡ್ಲುವಿನಲ್ಲಿ ಈಗಾಗಲೇ ನಿಂತಿದೆ.

ಮುಂದಿನ ಸಲ ಕಾವೇರಿಯ ಬಗ್ಗೆ ಯಾರಾದರೂ ನಿಮ್ಮ ಮುಂದೆ ಒಂದು ಸಂಖ್ಯೆಯನ್ನು ಹೇಳಿದರೆ, ಸಿಟ್ಟಾಗುವ ಮೊದಲು, ಸಂತೋಷಪಡುವ ಮೊದಲು, ‘ಇದು ಎಲ್ಲಿ ಅಳೆದದ್ದು?’ ಎಂದು ಕೇಳಿರಿ. ನಿಮ್ಮ ಮಕ್ಕಳಿಗೂ ಹಾಗೆ ಕೇಳಲು ಕಲಿಸಿರಿ. ಒಬ್ಬ ಹಳೆಯ ಮೇಷ್ಟ್ರಾಗಿ ನನ್ನ ಅರಿಕೆ ಇಷ್ಟೇ.